ಪದ ನಿಂತರೆ ಚಿಲಕ ತೆಗಿ

ಒಂದು ಕಾಲಕ್ಕೆ ಅರಕಲಗೂಡಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಫೋಟೋ ಸ್ಟುಡಿಯೋ ಎಲ್ಲಿ ಎಂದು ಕೇಳಿದರೆ ಜನ ಬೋರ್ಡು ತೋರಿಸುತ್ತಿರಲಿಲ್ಲ. "ಯಾವ್ ಮನೆ ಒಳಗಿಂದ ಎಂಗಸು ಪದ ಏಳೋದು ಕೇಳಿಸ್ತದೋ ಅದೇ ಕಣಣ್ಣ, ಓಗು" ಅನ್ನುತ್ತಿದ್ದರು. ಪದ ಹೇಳುತ್ತಿದ್ದವಳು ಸ್ಟುಡಿಯೋ ರವೀಂದ್ರನ ಹೆಂಡತಿ ಪ್ರೇಮಕುಮಾರಿ. ಕೇಳಲಿ ಎಂದು ಅವಳು ಹಾಡುತ್ತಿರಲಿಲ್ಲ. ಯಾರೂ ಬಾಗಿಲು ತೆಗೆಯದಿರಲಿ ಎಂದು ಹಾಡುತ್ತಿದ್ದಳು. ಇದೆಂಥ ಪದ, ಬಾಗಿಲು ಕಾಯುವ ಪದ ಎಂದು ನಿಮಗೆ ಅನ್ನಿಸಬಹುದು. ಅದನ್ನು ಬುಡದಿಂದಲೇ ಹೇಳಬೇಕು.

ಪ್ರೇಮಕುಮಾರಿ ನುಗ್ಗೇಹಳ್ಳಿ ಕಡೆಯ ಹುಡುಗಿ. ಹತ್ತನೇ ತರಗತಿ ಪಾಸಾದವಳು. ರವೀಂದ್ರನನ್ನು ಮದುವೆಯಾಗಿ ಬಂದಾಗ ಅವನು ಹೊಸದಾಗಿ ಸ್ಟುಡಿಯೋ ಇಟ್ಟಿದ್ದ. ಫೋಟೋ ತೆಗೆಯುವುದರಲ್ಲಿ ಕೈ ಒಳ್ಳೆಯದು, ಆದರೆ ಆ ಕೈಯೇ ಅವನ ಶತ್ರು. ಸದಾ ಬೆವರುತ್ತಿತ್ತು. ಕ್ಯಾಮೆರಾದಿಂದ ತೆಗೆದ ಫಿಲಮ್ಮನ್ನು ತೊಳೆಯುವುದಕ್ಕೆ ಮೊದಲು ಕತ್ತಲಲ್ಲಿ ರೀಲಿಗೆ ಸುತ್ತಬೇಕು. ರೀಲೆಂದರೆ ಎರಡು ಪ್ಲಾಸ್ಟಿಕ್ ಬಿಲ್ಲೆ, ಎದುರುಬದುರು, ಒಳಮೈ ತುಂಬ ಚಕ್ಕುಲಿ ಸುತ್ತಿನಂಥ ಗೀರು. ಆ ಗೀರಿನ ಬಾಯಿಗೆ ಫಿಲಮ್ಮಿನ ತುದಿ ಕೊಟ್ಟು, ಎರಡು ಬಿಲ್ಲೆಗಳನ್ನೂ ಒಮ್ಮೆ ಆಚೆಗೆ ಒಮ್ಮೆ ಈಚೆಗೆ ತಿರುವುತ್ತ ಹೋದರೆ ಫಿಲಂ ತಾನಾಗಿ ನಡೆದು ಒಳಗೆ ಹೋಗುತ್ತದೆ. ಸುತ್ತಿಗೆ ಸುತ್ತು ತಾಗಬಾರದು. ತಾಗಿದ ಕಡೆ ಔಷಧಿ ಹತ್ತುವುದಿಲ್ಲ, ಅಲ್ಲಿ ಚಿತ್ರವಿಲ್ಲ. ಸುತ್ತಿದ ರೀಲನ್ನು ಟ್ಯಾಂಕಿನಲ್ಲಿಟ್ಟು ಮುಚ್ಚಳ ಹಾಕಿದರೆ ಮುಗಿಯಿತು, ಆಮೇಲೆ ದೀಪ ಹಾಕಿಕೊಂಡು ಮುಚ್ಚಳದ ತೂತಿನಿಂದ ಔಷಧಿ ಸುರಿದರಾಯಿತು. ಆದರೆ ಮುಚ್ಚಳ ಬೀಳುವ ತನಕ ಬೆಳಕಿನ ಒಂದು ಗೆರೆಯೂ ಒಳಗೆ ಬರಬಾರದು. ರವೀಂದ್ರನ ಬೆವರುಗೈಗೆ ಫಿಲಂ ಅರ್ಧ ದಾರಿಯಲ್ಲಿ ಅಂಟಿಕೊಂಡು ನಿಲ್ಲುತ್ತಿತ್ತು. ಹೊಸ ಹೆಂಡತಿಯ ಕೈ ಮುಟ್ಟಿ ನೋಡಿದ. ಒಣಗಿದ ಹುರುಳಿಕಾಯಿ ಹಾಗಿತ್ತು. ಆವತ್ತೇ ತೀರ್ಮಾನವಾಯಿತು.

ಕೆಟ್ಟುಹೋದ ಒಂದು ಫಿಲಂ ಕೊಟ್ಟು ಮೊದಲು ಬೆಳಕಿನಲ್ಲಿ ಸುತ್ತಿಸಿದ, ಆಮೇಲೆ ಕಣ್ಣು ಮುಚ್ಚಿಸಿ, ಆಮೇಲೆ ಕಂಬಳಿಯೊಳಗೆ. ಅತ್ತೆ ಮಲ್ಲಿಗಮ್ಮ ಒಲೆ ಮುಂದಿನಿಂದ ನೋಡುತ್ತಿದ್ದಳು. "ಚಕ್ಲಿ ಸುತ್ತಕ್ ಕೊಟ್ರೆ ಕೋಡುಬಳೆ ಮಾಡ್ತಾಳೆ. ಇದು ಮಾತ್ರ ಎಂಗ್ ಬತ್ತದಪ್ಪ!" ಎಂದು ಆಡಿಕೊಂಡಳು.

ಕತ್ತಲಕೋಣೆಗೆಂದು ಬೇರೆ ಜಾಗ ಎಲ್ಲಿಂದ ಬರಬೇಕು? ನಡುಮನೆಯ ಪಕ್ಕದ ಉಗ್ರಾಣಕ್ಕೆ ಕಿಟಕಿಯಿರಲಿಲ್ಲ. ರಾಗಿ ಚೀಲಗಳನ್ನು ಒಂದು ಮೂಲೆಗೆ ಸರಿಸಿ ಅಲ್ಲೊಂದು ಮೇಜು ಹಾಕಿದರು. ಉಗ್ರಾಣವಾದ್ದರಿಂದ ಚಿಲಕ ಹೊರಗಡೆ ಇತ್ತು, ಒಳಗಡೆ ಇರಲಿಲ್ಲ. ರಾಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತದೆಯೇ?

ಮೊದಲ ದಿನ ಪ್ರೇಮಕುಮಾರಿಗೆ ಆ ಕತ್ತಲಲ್ಲಿ ಹೆದರಿಕೆಯಾಯಿತು. ಧೈರ್ಯಕ್ಕೆ ಎಂದು, ಅವಳವ್ವ ನೀರು ಹೊರುವಾಗ ಹೇಳುತ್ತಿದ್ದ ಪದವೊಂದನ್ನು ಶುರುಮಾಡಿದಳು.

ಏಳು ಕಟ್ಟೆಯ ನೀರು, ಏಳು ಕೊಡವ ತಂದೆ,
ತುಳುಕದೆ ತಂದೇನ ನಮ್ಮವ್ವ
ಮೆಟ್ಟಿಲು ಎಷ್ಟಿವೆಯೋ ನಿನ್ನ ಮನೆಗೆ.

ಎರಡನೆಯ ವಾರ ಅವಳು ಹೆದರಿಕೆ ಬಿಟ್ಟು ಸುಮ್ಮನೆ ಕೆಲಸ ಮಾಡುತ್ತಿದ್ದಳು. ಆಗ ಮಿಲ್ಲಿಗೆ ರಾಗಿ ಕಳಿಸಬೇಕೆಂದು ಮಲ್ಲಿಗಮ್ಮ ಸೇರು ಹಿಡಿದು ಬಂದು ಬಾಗಿಲು ತಳ್ಳಿಬಿಟ್ಟಳು. ಮಲ್ಲಿಪಟ್ಟಣದ ಒಂದು ಮದುವೆ ಪೂರ್ತಿ ಆ ಬೆಳಕಲ್ಲಿ ಕೊಚ್ಚಿಹೋಯಿತು. ಗಂಡಿನ ಅಪ್ಪ ಬಂದು ಜಗಲಿಯ ಮೇಲೆ ಕೂತು, "ಅಂಗಾರೆ ನನ್ ಮಗನ್ ಮದ್ವೆ ಆಗಿದ್ದೇ ಸುಳ್ಳಾ ಸಾ?" ಎಂದು ರವೀಂದ್ರನನ್ನು ಕೇಳಿದ. ಕೊನೆಗೆ ಹೆಣ್ಣುಗಂಡನ್ನು ಮತ್ತೆ ಸಿಂಗರಿಸಿ ಸ್ಟುಡಿಯೋದಲ್ಲಿ ನಿಲ್ಲಿಸಿ ಹಾರ ಹಾಕಿಸಿದರು. ಮದುವೆಯಾಗಿ ತಿಂಗಳಾಗಿದ್ದ ಹುಡುಗಿಗೆ ಮತ್ತೆ ನಾಚಿಕೊಳ್ಳಲು ಹೇಳಿದರೆ ನಾಚಿಕೆ ಎಲ್ಲಿಂದ ಬರಬೇಕು? ಆ ಫೋಟೋದಲ್ಲಿ ಅವಳು ಗಂಡನಿಗೆ ಅಂಗಡಿ ಸಾಮಾನು ತರಲು ಹೇಳುತ್ತಿರುವಂತೆ ಕಾಣುತ್ತಾಳೆ.

ಅಂದಿನಿಂದ ಕಟ್ಟಳೆ ಬಂತು. ಸೊಸೆ ಒಳಗೆ ಹೋದರೆ ಅತ್ತೆ ಹೊರಗಿನಿಂದ ಚಿಲಕ ಹಾಕಬೇಕು. ಒಳಗೆ ಪದ ನಡೆಯುತ್ತಿರುವವರೆಗೆ ಯಾರೂ ಮುಟ್ಟಬಾರದು. ಪದ ನಿಂತರೆ ಕೆಲಸ ಮುಗಿದಂತೆ, ಚಿಲಕ ತೆಗೆಯಬಹುದು. ಬೀದಿಗೆಲ್ಲ ಈ ಕಟ್ಟಳೆ ಗೊತ್ತಿತ್ತು. ಹಾಲಿನವನು ಬಂದರೂ ಪದ ಮುಗಿಯುವ ತನಕ ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ.

ಪ್ರೇಮಕುಮಾರಿ ಬಸುರಿಯಾಗಿದ್ದಾಗ, ಬೇಸಗೆಯ ಒಂದು ದಿನ, ಪದ ನಡುವೆಯೇ ನಿಂತಿತು. ಇಷ್ಟು ಬೇಗ ಮುಗಿಯಿತೇ ಎಂದುಕೊಂಡು ಮಲ್ಲಿಗಮ್ಮ ಚಿಲಕ ತೆಗೆದರೆ, ಸೊಸೆ ರಾಗಿ ಚೀಲಕ್ಕೆ ಒರಗಿ ಬಿದ್ದಿದ್ದಾಳೆ, ಮೈಮೇಲೆ ಎಚ್ಚರವಿಲ್ಲ. ಫಿಲಂ ತೊಳೆಯುವ ಹೈಪೋ ಔಷಧಿಯ ವಾಸನೆ, ಸೆಕೆ, ಖಾಲಿ ಹೊಟ್ಟೆ. ಮಲ್ಲಿಗಮ್ಮ ಅವಳನ್ನು ತೆಕ್ಕೆಯಲ್ಲಿ ಹಿಡಿದು ಅಂಗಳಕ್ಕೆ ಎಳೆದು ತಂದಳು. ಫಿಲಂ ಹಾಳಾಯಿತೆಂದು ಮಗ ಬಾಯಿ ಬಿಡುವುದಕ್ಕೆ ಮೊದಲೇ, "ಪದ ನಿಂತ್ರೆ ನಂಗೆ ಫಿಲಮ್ಮೂ ಬ್ಯಾಡ, ಗಿಲಮ್ಮೂ ಬ್ಯಾಡ. ತೆಗೆಯೋಳು ತೆಗೆಯೋಳೇ. ಮಾತಾಡ್ಬ್ಯಾಡ ಕಣ್ಲಾ" ಎಂದಳು. ಆ ಸಲ ಉಳಿದದ್ದು ಎರಡು ಜೀವ. ಹೊಟ್ಟೆಯಲ್ಲಿದ್ದವಳು ಅನುಶ್ರೀ.

ಹೀಗೆ ಸುತ್ತಮುತ್ತಲ ಎಷ್ಟೋ ಹಳ್ಳಿಯ ಮದುವೆಗಳು ಪ್ರೇಮಕುಮಾರಿಯ ಬೆರಳುಗಳ ನಡುವೆ ಹಾದುಹೋದವು. ಅವಳು ಮಾತ್ರ ಒಂದು ಮದುವೆಗೂ ಹೋಗಲಿಲ್ಲ. ಲಗ್ನದ ಕಾಲವೆಂದರೆ ಅವಳಿಗೆ ಉಗ್ರಾಣದ ಕಾಲ. ತೊಳೆದ ಫಿಲಮ್ಮಿನಲ್ಲಿ ಎಲ್ಲ ತಿರುವುಮುರುವು, ಮುಖ ಕಪ್ಪು, ಕೂದಲು ಬಿಳುಪು. ಅವಳು ಊರವರನ್ನು ಕಂಡದ್ದೇ ಹಾಗೆ. ಸಂತೆಯಲ್ಲಿ ಯಾರಾದರೂ ಎದುರಾದರೆ ಒಂದು ಗಳಿಗೆ ದಿಟ್ಟಿಸಿ, ಮನಸ್ಸಿನಲ್ಲೇ ಅವರ ಮುಖವನ್ನು ಕಪ್ಪು ಮಾಡಿಕೊಂಡು, "ಓ, ನೀವು ರಾಮಣ್ಣೋರ್ ಮಗಳಲ್ವಾ, ಧಾರೆ ಒತ್ನಲ್ಲಿ ಅತ್ತಿದ್ರಲ್ಲ" ಅನ್ನುವಳು. ಆ ಹೆಂಗಸಿಗೆ ಆಶ್ಚರ್ಯ. ಕ್ಯಾಮೆರಾವನ್ನು ಮಾತ್ರ ರವೀಂದ್ರ ಅವಳ ಕೈಗೆ ಕೊಟ್ಟವನಲ್ಲ. ಕೆಟ್ಟವನೆಂದಲ್ಲ. ಕೊಡಬಹುದು ಎಂಬುದೇ ಅವನಿಗೆ ಹೊಳೆದಿರಲಿಲ್ಲ, ಕೇಳಬಹುದು ಎಂಬುದು ಅವಳಿಗೂ.

ಆಮೇಲೆ ಬಣ್ಣದ ಫಿಲಂ ಬಂತು, ರೋಲುಗಳು ಬಸ್ಸು ಹತ್ತಿ ಹಾಸನದ ಲ್ಯಾಬಿಗೆ ಹೋದವು. ಪಾಸ್‌ಪೋರ್ಟ್ ಸೈಜಿನವು ಕೆಲವು ಕಾಲ ಉಗ್ರಾಣದಲ್ಲಿ ಉಳಿದವು, ಅವೂ ಹೋದವು. ಈಗ ರವೀಂದ್ರ ಫ್ಲೆಕ್ಸ್ ಬೋರ್ಡು, ಝೆರಾಕ್ಸು, ಮೊಬೈಲಿನಿಂದ ಪ್ರಿಂಟು ಎಂದು ಅಂಗಡಿ ನಡೆಸುತ್ತಾನೆ. ಉಗ್ರಾಣ ಮತ್ತೆ ಉಗ್ರಾಣವಾಯಿತು. ಟ್ಯಾಂಕಿನ ಕರಿ ಮುಚ್ಚಳವನ್ನು ಮಲ್ಲಿಗಮ್ಮ ತೊಳೆದು ಉಪ್ಪಿನ ಮಡಕೆಯ ಮೇಲೆ ಮುಚ್ಚಿದಳು. ಸರಿಯಾಗಿ ಕೂತಿತು. ನಡುವಿನ ತೂತಿಗೆ ಒಂದು ಬಟ್ಟೆ ತುರುಕಿದಳು. ಅಲ್ಲಿಂದೀಚೆಗೆ ಅದು ಉಪ್ಪಿನ ಮುಚ್ಚಳವೇ.

ಈ ವರ್ಷ ಅನುಶ್ರೀಗೆ ಚನ್ನರಾಯಪಟ್ಟಣದ ಗಂಡು ಗೊತ್ತಾಯಿತು. ಎರಡು ಕಡೆಯವರಿಗೂ ನಡುವೆ ಆಗಲಿ ಎಂದು ಹೊಳೆನರಸೀಪುರದಲ್ಲಿ ಛತ್ರ ಹಿಡಿದರು. ಅನುಶ್ರೀ ತಮಾಷೆಯ ಹುಡುಗಿ. ಮೊಬೈಲಿನಲ್ಲಿ ಎಲ್ಲೋ ಹುಡುಕಿ ಒಂದು ಕಪ್ಪುಬಿಳುಪು ರೋಲು, ಔಷಧಿ ಪುಡಿ ಎಲ್ಲ ತರಿಸಿ ಅಮ್ಮನ ಮಡಿಲಿಗೆ ಹಾಕಿದಳು. "ನನ್ ಮದ್ವೆನಾದ್ರೂ ನೀನ್ ಕಣ್ಣಾರೆ ನೋಡಮ್ಮ. ಅಪ್ಪನ್ ಹಳೇ ಡಬ್ಬ ತಗೊ, ನೀನೇ ಒಡಿ, ನೀನೇ ತೊಳಿ. ಇನ್ಯಾರ ಕೈಗೂ ಕೊಡ್ಬ್ಯಾಡ."

"ಈ ವಯಸ್ನಾಗೆ ಇವಳ್ಗೊಂದು ಶೋಕಿ" ಎಂದು ರವೀಂದ್ರ ನಕ್ಕ. ಆದರೂ ಕ್ಯಾಮೆರಾ ಒರೆಸಿಕೊಟ್ಟ.

ಛತ್ರದಲ್ಲಿ ಹಾಸನದಿಂದ ಬಂದ ವಿಡಿಯೋ ಹುಡುಗರ ದರ್ಬಾರು. ತಲೆಯ ಮೇಲೆ ಡ್ರೋನು, ಕಣ್ಣು ಕುಕ್ಕುವ ಲೈಟು. ಹೆಣ್ಣಿನ ತಾಯಿ ಮಂಟಪದ ಹತ್ತಿರ ಹೋದರೆ, "ಆಂಟಿ, ಫ್ರೇಮಲ್ಲಿ ಬತ್ತಿದೀರ, ಸ್ವಲ್ಪ ಆಚೆ" ಅನ್ನುವರು. ಆಮೇಲೆ ಅವರು ಕೊಟ್ಟ ಆಲ್ಬಂ ಎತ್ತಲಾರದಷ್ಟು ಭಾರ. ಅದರಲ್ಲಿ ಅನುಶ್ರೀ ಬೊಂಬೆ ಹಾಗಿದ್ದಳು. ಎಲ್ಲರೂ ಚೆನ್ನಾಗಿದೆ ಅಂದರು. ಪ್ರೇಮಕುಮಾರಿ ಹಾಳೆ ಮಗುಚಿ ಮಗುಚಿ ಮಗಳನ್ನು ಹುಡುಕಿದಳು. ಸಿಗಲಿಲ್ಲ.

ಮಗಳಿದ್ದದ್ದು ಹಳೇ ಡಬ್ಬದಲ್ಲಿ. ಧಾರೆಗೆ ಮೊದಲು ಮದುಮಗಳು ಉಪವಾಸವಿರಬೇಕು. ಅನುಶ್ರೀಗೆ ಹಸಿವು ತಡೆಯುವುದಿಲ್ಲ. ಮದುವೆಯ ದಿನ ನಸುಕಿಗೇ ಪ್ರೇಮಕುಮಾರಿ ಅಡುಗೆಯವರ ಹತ್ತಿರ ಎಲೆಯಲ್ಲಿ ಬಿಸಿ ಕೇಸರಿಬಾತು ಕಟ್ಟಿಸಿಕೊಂಡು ಸೆರಗಿನಲ್ಲಿ ಮುಚ್ಚಿ ತಂದು, ಕೋಣೆಯ ಬಾಗಿಲು ಹಾಕಿದಳು. ಹಳೆಯ ನೈಟಿ, ಎಣ್ಣೆ ತಲೆ, ಬಣ್ಣ ಹಚ್ಚದ ಮುಖ. ಎರಡು ಕೈಗೂ ಮೆಹಂದಿಯಾದ್ದರಿಂದ ತಾಯಿಯೇ ತುತ್ತಿಟ್ಟಳು. ಹೊರಗೆ ಗಂಡಿನ ಕಡೆಯ ಸೋದರತ್ತೆ, "ಏನ್ಮಾಡ್ತಿದೀರಮ್ಮ ಒಳಗೆ?" ಎಂದು ಬಾಗಿಲು ಬಡಿದಳು. ಬಾಯಿ ತುಂಬ ಕೇಸರಿಬಾತು ತುಂಬಿಕೊಂಡಿದ್ದ ಅನುಶ್ರೀಗೆ ನಗು ಉಕ್ಕಿ ಬಂತು. ಕೆನ್ನೆ ಉಬ್ಬಿ, ಕಣ್ಣಲ್ಲಿ ನೀರು ಬಂದು, ಬಾಯಿಬಿಟ್ಟು ನಕ್ಕಳು. ಪ್ರೇಮಕುಮಾರಿ ಎಡಗೈಯಲ್ಲಿ ಎಲೆ ಹಿಡಿದುಕೊಂಡೇ ಬಲಗೈಯಿಂದ ಕ್ಯಾಮೆರಾ ಎತ್ತಿ ಎರಡು ಮೂರು ಸಲ ಒತ್ತಿದಳು. ಅವಳು ಜೀವಮಾನದಲ್ಲಿ ತೆಗೆದ ಮೊದಮೊದಲ ಫೋಟೋಗಳು ಅವು. ರೋಲಿನ ಮೊದಲ ತುದಿಯಲ್ಲಿದ್ದವು.

ಲಗ್ನದ ಮನೆಯ ಕೆಲಸ, ನೆಂಟರು, ಬೀಗರೂಟ ಎಂದು ರೋಲು ಬೀರುವಿನಲ್ಲೇ ಉಳಿಯಿತು. ಆಷಾಢ ಬಂತು. ಹೊಸ ಸೊಸೆ ಆಷಾಢದಲ್ಲಿ ಅತ್ತೆಮನೆಯಲ್ಲಿ ಇರಬಾರದಲ್ಲ. ಅನುಶ್ರೀ ತವರಿಗೆ ಹೊರಟಿದ್ದಳು. ಮಧ್ಯಾಹ್ನದ ಬಸ್ಸಿಗೆ ಬರುವವಳು. ಅವಳು ಬರುವಷ್ಟರಲ್ಲಿ ಫಿಲಂ ತೊಳೆದು ಕೈಗೆ ಕೊಡಬೇಕೆಂದು ತಾಯಿಗೆ ಆತುರ. ರವೀಂದ್ರ ಫ್ಲೆಕ್ಸ್ ತರಲು ಹಾಸನಕ್ಕೆ ಹೋಗಿದ್ದ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ.

ಪ್ರೇಮಕುಮಾರಿ ರೀಲು, ಟ್ಯಾಂಕು ಹುಡುಕಿ ತೊಳೆದಳು. ಉಪ್ಪಿನ ಮಡಕೆಯ ಮೇಲಿನ ಮುಚ್ಚಳವನ್ನೂ ತೊಳೆದು ಉಗ್ರಾಣದ ಮೇಜಿನ ಮೇಲಿಟ್ಟಳು. ರೀಲನ್ನು ಒಲೆಯ ಪಕ್ಕ ಇಟ್ಟು ಕಾಯಿಸಿ ಒಣಗಿಸಬೇಕು, ಮಳೆಗಾಲದಲ್ಲಂತೂ ಬಿಡುವಂತಿಲ್ಲ. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮಗಳ ಬಸ್ಸು ಬರುತ್ತಿದೆ. ಸೆರಗಿನಲ್ಲಿ ಒರೆಸಿ, ಆಯಿತು ಅಂದುಕೊಂಡಳು. ಬೆಳಕು ಬರುತ್ತದೆಂದು ಮೊಬೈಲನ್ನು ಅಡುಗೆಮನೆಯಲ್ಲಿ ಬಿಟ್ಟು ಒಳಗೆ ಹೋದಳು. "ಚಿಲ್ಕ ಆಕಿ ಅತ್ತೆ" ಎಂದು ಕಿವಿಯ ಹತ್ತಿರ ಕೂಗಿ ಹೇಳಿದಳು. ಮಲ್ಲಿಗಮ್ಮನಿಗೆ ಈಗ ಕಿವಿ ಮಂದ. ರಾಗ ಕೇಳುತ್ತದೆ, ಮಾತು ಕೇಳುವುದಿಲ್ಲ. ಆದರೆ ಕಟ್ಟಳೆ ಮರೆತಿರಲಿಲ್ಲ. ಚಿಲಕ ಹಾಕಿ, ಮಣೆ ಎಳೆದುಕೊಂಡು ಬಾಗಿಲಿಗೇ ಆತು ಕೂತಳು.

ದೀಪ ಆರಿಸಿ ಪ್ರೇಮಕುಮಾರಿ ಪದ ಎತ್ತಿದಳು. ಬೆರಳುಗಳಿಗೆ ಏನೂ ಮರೆತಿರಲಿಲ್ಲ. ತುದಿ ಗೀರಿಗೆ ಕೂತಿತು. ಆಚೆ, ಈಚೆ. ಆಚೆ, ಈಚೆ. ಫಿಲಂ ನಡೆಯಿತು. ಅರ್ಧ ದಾರಿ ಹೋಗಿ ನಿಂತಿತು.

ಮತ್ತೆ ತಿರುವಿದಳು. ಇಲ್ಲ. ಗೀರಿನೊಳಗೆ ಎಲ್ಲೋ ಒಂದು ಹನಿ ಉಳಿದಿತ್ತು, ಫಿಲಂ ಅದಕ್ಕೆ ಅಂಟಿಕೊಂಡಿತ್ತು. ಬಿಡಿಸಲು ಸ್ವಲ್ಪ ಜೋರು ಮಾಡಿದಳು. ಚಟ್ ಎಂದು ಸಣ್ಣ ಸದ್ದಾಯಿತು. ಫಿಲಂ ಎಲ್ಲೋ ಮಡಚಿಕೊಂಡಿತು. ಸಿಕ್ಕಿಕೊಂಡಿರುವ ಅರ್ಧದಲ್ಲೇ ಕೇಸರಿಬಾತಿನ ಕೋಣೆ ಇದೆ ಎಂದು ನೆನಪಾಗಿ ಅವಳು ತಿರುವುವುದನ್ನು ನಿಲ್ಲಿಸಿದಳು. ಅರ್ಧ ಒಳಗೆ, ಅರ್ಧ ಹೊರಗೆ ಹಾವಿನಂತೆ ಜೋಲುತ್ತಿದೆ. ಹಾಗೇ ಎಲ್ಲವನ್ನೂ ಟ್ಯಾಂಕಿಗೆ ತುರುಕಿ ಮುಚ್ಚಳ ಹಾಕಿಬಿಟ್ಟರೆ ಸದ್ಯಕ್ಕೆ ಬಚಾವು. ಎಡಗೈ ಚಾಚಿ ಮುಚ್ಚಳ ಹುಡುಕಿದಳು. ಇಟ್ಟ ಜಾಗದಲ್ಲಿರಲಿಲ್ಲ. ಮೇಜೆಲ್ಲ ತಡವಿದಳು. ನೆಲದ ಮೇಲೆ ಬಗ್ಗಿ ತಡವಿದಳು, ಪದ ಬಿಡದೆ. ಆಮೇಲೆ ಹೊಳೆಯಿತು. ಬಾಗಿಲು ಹಾಕುವ ಮೊದಲು, ಉಪ್ಪು ತೆರೆದಿದೆ ಎಂದು ಅತ್ತೆ ಗೊಣಗುತ್ತ ಈ ಕಡೆ ಬಂದು ಹೋಗಿದ್ದಳು. ಮುಚ್ಚಳ ಮಡಕೆಯ ಮೇಲೆ ಹೋಗಿ ಕೂತಿದೆ.

ಈಗ ನೋಡಿ ಅವಳ ಪಾಡು. ಅತ್ತೆಯನ್ನು ಕೂಗಿ ಮುಚ್ಚಳ ಕೇಳಿದರೆ, ಮಾತು ತಿಳಿಯದ ಮುದುಕಿ ಏನೋ ಆಯಿತೆಂದು ಬಾಗಿಲು ತೆಗೆಯುತ್ತಾಳೆ. ತೆಗೆಯಬೇಡಿ ಎಂದು ಅರಚಿದರೆ ಇನ್ನೂ ಬೇಗ ತೆಗೆಯುತ್ತಾಳೆ. ಸುಮ್ಮನಿದ್ದರೂ ತೆಗೆಯುತ್ತಾಳೆ. ತೆಗೆದರೆ ಮಗಳು ಬೆಳಕಿನಲ್ಲಿ ಅಳಿಸಿಹೋಗುತ್ತಾಳೆ. ದೀಪ ಹಾಕುವಂತಿಲ್ಲ, ಈ ಫಿಲಮ್ಮಿಗೆ ಕೆಂಪು ದೀಪವೂ ಆಗದು. ಉಳಿದದ್ದು ಒಂದೇ: ಪದ ನಿಲ್ಲಿಸಬಾರದು.

ಏಳು ಕೊಡ ಮುಗಿದವು. ಮತ್ತೆ ಮೊದಲಿನಿಂದ ಶುರು. ಮತ್ತೆ ಏಳು ಕೊಡ. ಗಂಟಲು ಒಣಗಿತು. ಚರಣದ ನಡುವೆ ಉಸಿರೆಳೆದುಕೊಂಡರೆ ಸಾಕು, ಹೊರಗೆ ಚಿಲಕದ ಮೇಲೆ ಬಳೆ ಸದ್ದಾಗುತ್ತಿತ್ತು. "ಪ್ರೇಮೀ? ಉಷಾರಾಗಿದೀಯಾ?" ಅವಳು ಉಸಿರು ಸಾಕಾಗದೆ ರಾಗವನ್ನು ಮೂಗಿನಲ್ಲೇ ಎಳೆದಳು. ಬಳೆ ಸುಮ್ಮನಾಯಿತು. ಮುದುಕಿಯ ಪ್ರೀತಿಯೇ ಬಾಗಿಲಾಗಿ ನಿಂತಿತ್ತು, ಅದನ್ನು ಬಯ್ಯುವುದು ಹೇಗೆ? ಎಷ್ಟು ವರ್ಷ ಇದೇ ನಾಲ್ಕು ಗೋಡೆ, ಇದೇ ರಾಗಿ ವಾಸನೆ! ಮಂದಿಯ ಮಕ್ಕಳನ್ನೆಲ್ಲ ಸುಸೂತ್ರವಾಗಿ ಆಚೆ ಕಳಿಸಿದ ಕೈ, ತನ್ನ ಮಗಳು ಬಂದಾಗ ಹೀಗೆ ಕಚ್ಚಿಕೊಂಡಿತಲ್ಲ ಎಂದು ಅವಳಿಗೆ ಅಳು ಬಂತು. ಅತ್ತರೆ ರಾಗ ಕೆಡುತ್ತದೆ. ಅಳುವಂತೆಯೂ ಇಲ್ಲ.

ಆಗ ಹೊರಗೆ ಗೇಟು ಕಿರ್ ಎಂದಿತು. "ಅಮ್ಮಾ! ಅಜ್ಜೀ! ಬಂದೆ ಕಣ್ರೋ!"

ಅನುಶ್ರೀ. ಚೀಲ ಇಳಿಸಿದ ಸದ್ದು, ಓಡಿ ಬಂದ ಹೆಜ್ಜೆ.

"ನೋಡ್ ಪ್ರೇಮಿ, ಯಾರ್ ಬಂದವ್ಳೆ! ಇರು, ತೆಗೀತೀನಿ" ಎಂದು ಮಲ್ಲಿಗಮ್ಮ ಎದ್ದಳು.

ಪ್ರೇಮಕುಮಾರಿಗೆ ಏನು ತೋಚಿತೋ, ಹಳೆಯ ರಾಗಕ್ಕೆ ಹೊಸ ಮಾತು ಬಾಯಿಗೆ ಬಂತು.

ರೀಲು ತಿರುಗದು ಮಗಳೆ, ಫಿಲಮು ಸಿಕ್ಕೈತೆ ಮಗಳೆ,
ಮುಚ್ಚಳ ಕುಂತೈತೆ ಉಪ್ಪಿನ ಮ್ಯಾಲೆ,
ಅಜ್ಜಿ ಕೈ ಇಡಿಯೇ, ಚಿಲಕದಿಂದ ಬುಡಿಸೇ!

ಹೊರಗೆ ಅನುಶ್ರೀ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಅಜ್ಜಿಯ ಕೈ ಹಿಡಿದು ಚಿಲಕದಿಂದ ಬಿಡಿಸಿದಳು.

"ಅಜ್ಜೀ, ತೆಗೀಬ್ಯಾಡ! ಅಮ್ಮ ಚೆನ್ನಾಗವ್ಳೆ!"

"ಏನಂದೆ?"

"ಚೆನ್ನಾಗವ್ಳೇ!"

"ನಿಂಗೇನ್ ಗೊತ್ತು? ನೀನ್ ಒಟ್ಟೇಲಿದ್ದಾಗ ಇಂಗೇ ಬಿದ್ದೋಗಿದ್ಲು. ಪದ ನಿಂತ್ರೆ ನಾ ತೆಗೆಯೋಳೆ. ನಿಮ್ಮಪ್ಪನ್ ಮಾತೇ ಕೇಳಿಲ್ಲ, ನಿನ್ ಮಾತ್ ಕೇಳ್ತೀನಾ?"

ಮುದುಕಿಯ ಹಟ ಅನುಶ್ರೀಗೆ ಗೊತ್ತು. ಅಜ್ಜಿಯ ಅಂಗೈಯನ್ನು ಬಾಗಿಲ ಹಲಗೆಗೆ ಒತ್ತಿ ಹಿಡಿದು ಕೂಗಿದಳು. "ಅಮ್ಮ, ಪದ ಸಾಕು. ಇಮ್ಮಡಿಯಿಂದ ಬಾಗ್ಲಿಗೆ ಒದೀತಿರು. ಅಜ್ಜಿ ಕೈಗೆ ಗೊತ್ತಾಗ್ತದೆ."

ಉಗ್ರಾಣ ಸಣ್ಣದು, ಮೇಜಿನ ಮುಂದೆ ನಿಂತರೆ ಬಾಗಿಲು ಬೆನ್ನಿಗೇ. ಪ್ರೇಮಕುಮಾರಿ ಹಿಮ್ಮಡಿಯಿಂದ ಮೆಲ್ಲಗೆ ತಟ್ಟಿದಳು. ದಬ್. ದಬ್. ಮಲ್ಲಿಗಮ್ಮನ ಮುಖ ಸಡಿಲವಾಯಿತು. "ಊಂ, ಒದೀತವ್ಳೆ" ಎಂದು ಮಣೆಯ ಮೇಲೆ ಕೂತಳು, ಕೈ ತೆಗೆಯಲಿಲ್ಲ.

ಪ್ರೇಮಕುಮಾರಿ ಪದ ನಿಲ್ಲಿಸಿದಳು. ಆ ಕತ್ತಲಲ್ಲಿ, ಮೈಮೇಲೆ ಎಚ್ಚರವಿದ್ದು, ಅವಳು ಬಾಯಿ ಮುಚ್ಚಿ ನಿಂತದ್ದು ಎಷ್ಟೋ ವರ್ಷಗಳಲ್ಲಿ ಅದೇ ಮೊದಲು. ಬಾಯಿ ಸುಮ್ಮನಾದಾಗ ತಲೆ ಓಡಿತು. ರೀಲು ನಂಬಿ ಕೂತರೆ ಆಗದು. ರೀಲಿಲ್ಲದಿದ್ದರೆ ಫಿಲಂ ಹಿಡಿದುಕೊಳ್ಳಲು ಏನಿದೆ? ಕೈ ಇದೆ.

ಎರಡು ಬಿಲ್ಲೆಗಳನ್ನೂ ಎದುರುಬದುರಾಗಿ ಪೂರ್ತಿ ತಿರುಚಿ, ಎಳೆದು ಬೇರೆ ಮಾಡಿದಳು. ಹೀಗೆ ಬಿಚ್ಚಬಹುದೆಂಬುದು ರೀಲು ತೊಳೆಯುವಾಗ ಎಷ್ಟೋ ಸಲ ಕಂಡದ್ದೇ. ಫಿಲಂ ಸುತ್ತು ಬಿಚ್ಚಿಕೊಂಡು ಮೊಣಕೈ ಮೇಲೆ ಜಾರಿತು. ಮೇಜಿನ ಕೆಳಗೆ ಹಳೆಯ ಟ್ರೇಗಳಿದ್ದವು. ತಡವಿ ಎತ್ತಿಟ್ಟಳು. ಔಷಧಿಗಳನ್ನು ಮೊದಲೇ ಚೊಂಬುಗಳಲ್ಲಿ ಬೆರೆಸಿಟ್ಟಿದ್ದಳು. ಯಾವ ಚೊಂಬು ಯಾವುದು? ಬೆರಳದ್ದಿ ಉಜ್ಜಿದಳು. ಸೋಪಿನಂತೆ ಜಾರಿದ್ದು ಚಿತ್ರ ಎಬ್ಬಿಸುವ ಡೆವಲಪರ್. ಮೂಗಿಗೆ ಚುರ್ ಎಂದದ್ದು ಚಿತ್ರವನ್ನು ನಿಲ್ಲಿಸುವ ಹೈಪೋ. ಒಂದೊಂದನ್ನು ಒಂದೊಂದು ಟ್ರೇಗೆ ಸುರಿದು, ನಡುವಿನದಕ್ಕೆ ನೀರು ಹಾಕಿದಳು.

ಫಿಲಮ್ಮಿನ ಎರಡು ತುದಿಗಳನ್ನೂ ಎರಡು ಕೈಯಲ್ಲಿ ಹಿಡಿದು, ನಡುವೆ ತೊಟ್ಟಿಲಿನಂತೆ ಜೋಲು ಬಿಟ್ಟು, ಬಲಗೈ ಏರಿಸಿದರೆ ಎಡಗೈ ಇಳಿಸಿ, ಎಡಗೈ ಏರಿಸಿದರೆ ಬಲಗೈ ಇಳಿಸಿ, ಔಷಧಿಯೊಳಗೆ ತೂಗತೊಡಗಿದಳು. ನಿಲ್ಲಿಸುವಂತಿಲ್ಲ, ನಿಲ್ಲಿಸಿದ ಕಡೆ ಕಲೆ. ತೋಳು ಸೇದಿಹೋದವು. ಕೆಳಗೆ ಹಿಮ್ಮಡಿ ದಬ್ ದಬ್ ಎನ್ನುತ್ತಿತ್ತು.

"ಟೈಮ್ ನಾ ನೋಡ್ತೀನಿ, ಎಷ್ಟ್ ನಿಮಿಷ?" ಎಂದು ಮಗಳು ಕೇಳಿದಳು.

"ನಿನ್ ಗಡಿಯಾರ ಬ್ಯಾಡ, ಪದಾನೇ ಏಳು. ಏಳ್ ಕೊಡ ಪೂರ್ತಿ ಎರಡ್ ಸಲ ಆಗ್ಲಿ, ಅಲ್ಲಿಗೆ ಸರಿ."

ಅನುಶ್ರೀ ಶುರುಮಾಡಿದಳು. ಅವಳಿಗೆ ರಾಗವಿಲ್ಲ, ಮೂರನೆಯ ಕೊಡಕ್ಕೇ ಮಾತು ಮರೆತಳು. ಬಾಗಿಲಿಗೆ ಕಿವಿ ಆನಿಸಿದ್ದ ಮಲ್ಲಿಗಮ್ಮ ಮುಖ ಸಿಂಡರಿಸಿದಳು. "ತೂ, ಇದನ್ನ ಕೇಳೋದ್ಕಿಂತ ಕಿವುಡೇ ವಾಸಿ" ಎಂದು ತಾನೇ ಎತ್ತಿಕೊಂಡಳು. ಸೊಸೆಯ ತವರಿನ ಪದ, ಹೊರಗೆ ಕಾದು ಕೂತು ಕಲಿತದ್ದು, ಒಂದು ಅಕ್ಷರ ತಪ್ಪದೆ ಬಂತು. ಮುದುಕಿಯ ಒಡಕು ದನಿ ಕೊಡದಿಂದ ಕೊಡಕ್ಕೆ ನಡೆಯಿತು. ಒಳಗೆ ಪ್ರೇಮಕುಮಾರಿ ಅದಕ್ಕೆ ತಕ್ಕ ಹಾಗೆ ಫಿಲಂ ತೂಗಿದಳು. ಆಮೇಲೆ ನೀರು. ಆಮೇಲೆ ಹೈಪೋ, ಇನ್ನೊಂದು ಸಲ ಏಳು ಕೊಡ.

"ಸಾಕು. ಈಗ್ ತೆಗೀರಿ."

ಚಿಲಕ ಸರಿಯಿತು. ಬೆಳಕಿಗೆ ಕಣ್ಣು ಮುಚ್ಚಿಕೊಂಡೇ ಅವಳು ತೋಳೆತ್ತಿ ಹಿಡಿದು ಹಿತ್ತಲಿಗೆ ನಡೆದಳು. ಅನುಶ್ರೀ ನಲ್ಲಿ ತಿರುಗಿಸಿದಳು. ನೀರಲ್ಲಿ ಚೆನ್ನಾಗಿ ಜಾಲಾಡಿಸಿ, ಸೂರಿನ ಕೆಳಗೆ ನಿಂತು, ಒಂದು ತುದಿ ಮೇಲೆ ಒಂದು ತುದಿ ಕೆಳಗೆ ಹಿಡಿದು ಆಕಾಶಕ್ಕೆ ತೋರಿಸಿದಳು. ಮಳೆ ಸಣ್ಣಗೆ ಹನಿಯುತ್ತಿತ್ತು.

ಚಿತ್ರ ಬಂದಿತ್ತು. ಎಲ್ಲವೂ ಅಲ್ಲ. ಮಂಟಪದ ಕೆಲವು ಮಂಜುಮಂಜು. ಮೊದಲ ತುದಿಯಲ್ಲಿ, ಚಟ್ ಎಂದ ಕಡೆ, ಅರ್ಧಚಂದ್ರದಂಥ ಕರಿ ಗಾಯ. ಅದು ಬಿದ್ದದ್ದು ಕೇಸರಿಬಾತಿನ ಎಲೆಯ ಚಿತ್ರದ ಮೇಲೆ, ಮಗಳ ಒಂದು ಕೈಯನ್ನೂ ತಿಂದುಹಾಕಿತ್ತು. ಅದರ ಪಕ್ಕದ ಚೌಕದಲ್ಲಿ ಅನುಶ್ರೀ ನಗುತ್ತಿದ್ದಳು. ಮುಖ ಕಪ್ಪು, ಹಲ್ಲು ಕಪ್ಪು, ಕೂದಲು ಬೆಳ್ಳಗೆ, ಕೆನ್ನೆ ಉಬ್ಬಿ, ಬಾಯಿ ಇಷ್ಟಗಲ. ಕೆಳ ಅಂಚಿನಲ್ಲಿ ಪ್ರೇಮಕುಮಾರಿಯ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಬಿದ್ದಿತ್ತು, ಮಗಳ ಭುಜ ಹಿಡಿದುಕೊಂಡ ಹಾಗೆ.

"ನೋಡೇ" ಎಂದಳು.

ಅನುಶ್ರೀ ಹತ್ತಿರ ಬಂದು, ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ಮೊದಲು ನಕ್ಕಳು. ಆಮೇಲೆ ನಗಲಿಲ್ಲ.

"ಅಲ್ಲಿ ಅತ್ತೆಮನೇಲಿ ಇಂಗೆ ನಗಂಗಿಲ್ಲ ಕಣಮ್ಮ."

"ಯಾಕೆ? ಬಯ್ತಾರಾ?"

"ಬಯ್ಯಲ್ಲ. ಒಳ್ಳೇವ್ರೇ. ಎಣ್ಮಕ್ಳು ಬಾಯ್ಬಿಟ್ಟು ನಗಬಾರ್ದು ಅಂತಾರೆ, ಅಷ್ಟೆ. ಮೊದ್ಮೊದ್ಲು ಬಾಯಿಗೆ ಸೆರಗ್ ಅಡ್ಡ ಇಡ್ಕಳ್ತಿದ್ದೆ. ಈಗ ಸೆರಗೂ ಬ್ಯಾಡ, ನಗಾನೇ ಬರಲ್ಲ. ಇವತ್ತು ನೀನ್ ಒಳಗಿಂದ ಆ ಪದ ಏಳಿದ್ಯಲ್ಲ, ಆಗ್ಲೇ ನೋಡು, ಮದ್ವೆ ಆದ್ಮೇಲೆ ನಕ್ಕಿದ್ದು."

ಪ್ರೇಮಕುಮಾರಿಗೆ ಮಗಳನ್ನು ಬಾಚಿ ತಬ್ಬಿಕೊಳ್ಳಬೇಕು ಅನ್ನಿಸಿತು. ಎರಡು ಕೈಯಲ್ಲೂ ಹಸಿ ಫಿಲಂ. ಬಿಟ್ಟರೆ ಕೆಸರಿಗೆ ಬೀಳುತ್ತದೆ, ಮಡಿಸಿದರೆ ಅಂಟುತ್ತದೆ.

"ಇರು, ಬಟ್ಟೆ ಕ್ಲಿಪ್ ತತ್ತೀನಿ" ಎಂದು ಅನುಶ್ರೀ ಹೊರಟಳು.

"ಬ್ಯಾಡ ಕಣೆ, ಇಲ್ಲೇ ನಿಂತ್ಕೊ."

ಅನುಶ್ರೀ ನಿಂತಳು. ಸ್ವಲ್ಪ ಹೊತ್ತಿಗೆ ತಾಯಿಯ ತೋಳಿಗೆ ಹಣೆ ಆನಿಸಿದಳು. ಆ ತೋಳು ಸೇದಿಹೋಗಿತ್ತು. ಬಾಗಿಲಲ್ಲಿ ಮಲ್ಲಿಗಮ್ಮ, ಅನ್ನ ಆರೋಗ್ತದೆ ಬರ್ರೇ ಎಂದು ಕರೆದಳು. ಇಬ್ಬರೂ ಕದಲಲಿಲ್ಲ. ಆಷಾಢದ ಗಾಳಿಗೆ ಫಿಲಂ ಒಣಗುವುದು ನಿಧಾನ. ಒಣಗುವ ತನಕ ಪ್ರೇಮಕುಮಾರಿ ಕೈ ಇಳಿಸಲಿಲ್ಲ.